ತಲೆಬುರುಡೆಯ ಹೊರಗಿನಿಂದ ಮಿದುಳನ್ನು ಆಲಿಸಿದ ಹ್ಯಾನ್ಸ್ ಬರ್ಗರ್

ಕೈಕಾಲು ಆಡದ ರೋಗಿಯೊಬ್ಬರು ಬರೀ ಮನಸ್ಸಿನಲ್ಲೇ ಅಂದುಕೊಂಡು ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ ಆರಿಸುವ ಸುದ್ದಿಯನ್ನು ನಮ್ಮಲ್ಲಿ ಹಲವರು ಓದಿರಬಹುದು. ಇದಕ್ಕೆ ಮಿದುಳು-ಕಂಪ್ಯೂಟರ್ ಸಂಪರ್ಕ ಎನ್ನುತ್ತಾರೆ. ಇಂಥ ಹಲವು ಯಂತ್ರಗಳು ಓದುವುದು ನೆತ್ತಿಯ ಚರ್ಮದ ಮೇಲೆ ಸಿಗುವ ವಿದ್ಯುತ್ ಅಲೆಗಳನ್ನು, ಅಂದರೆ ಇಇಜಿಯನ್ನು. ಮನುಷ್ಯರಲ್ಲಿ ಆ ಅಲೆಗಳನ್ನು ಮೊದಲು ದಾಖಲಿಸಿದವರು ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಕೋಬರ್ಗ್ ಪಟ್ಟಣದ ಬಳಿಯ ನಾಯ್ಸೆಸ್‌ನಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಫ್ರೀಡ್ರಿಖ್ ರ‍್ಯೂಕರ್ಟ್ ಹೆಸರಾಂತ ಕವಿ. ಅರಬ್ಬಿ, ಫಾರ್ಸಿ, ಸಂಸ್ಕೃತಗಳನ್ನು ಬಲ್ಲವರು, ಕುರ್‌ಆನಿನ ಬಹುಭಾಗವನ್ನು ಜರ್ಮನ್ ಭಾಷೆಗೆ ತಂದವರು. ಮೊಮ್ಮಗನಿಗೆ ಮಾತ್ರ ಆಕಾಶದ ಮೇಲೆ ಕಣ್ಣು. ಖಗೋಳ ವಿಜ್ಞಾನಿ ಆಗಬೇಕೆಂದು ಗಣಿತ ಓದಲು ಹೋದವರು ಓದು ಬಿಟ್ಟು ಒಂದು ವರ್ಷದ ಸೈನ್ಯಸೇವೆಗೆ ಸೇರಿದರು. ಅಲ್ಲೊಂದು ದಿನ ಕವಾಯತಿನಲ್ಲಿ ಕುದುರೆ ಬೆದರಿ, ಅವರು ಫಿರಂಗಿ ಬಂಡಿಯ ಚಕ್ರದ ಮುಂದೆಯೇ ಬಿದ್ದರು. ಬಂಡಿ ಕೂದಲೆಳೆಯಲ್ಲಿ ನಿಂತಿತು. ಅದೇ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂತು: ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮ ಅಪಾಯದಲ್ಲಿದ್ದಾನೆ ಎಂದು ಇದ್ದಕ್ಕಿದ್ದಂತೆ ಅನಿಸಿತ್ತಂತೆ. ಈ ಘಟನೆಯನ್ನು ಅವರು 1940ರಲ್ಲಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿದ್ದಾರೆ.

ನಮಗೆ ಇದು ಕಾಕತಾಳೀಯ ಎನಿಸಬಹುದು. ಬರ್ಗರ್‌ಗೆ ಹಾಗನಿಸಲಿಲ್ಲ. ಮನಸ್ಸಿನ ಶಕ್ತಿಯನ್ನು ಅಳೆಯಲೇಬೇಕೆಂದು ವೈದ್ಯಕೀಯಕ್ಕೆ ಬಂದರು. 1897ರಿಂದ ಯೇನಾ ವಿಶ್ವವಿದ್ಯಾಲಯದ ಮನೋವೈದ್ಯಕೀಯ ಚಿಕಿತ್ಸಾಲಯದಲ್ಲಿ ಕೆಲಸ, 1919ರಲ್ಲಿ ಅದರ ನಿರ್ದೇಶಕ. ಮಿದುಳಿನ ರಕ್ತಸಂಚಾರ ಅಳೆದರು, ಉಷ್ಣತೆ ಅಳೆದರು. ವರ್ಷಗಳು ಉರುಳಿದವೇ ಹೊರತು ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ.

ಉಳಿದದ್ದು ವಿದ್ಯುತ್. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಇದೆ ಎಂದು ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಆದರೆ ಮನುಷ್ಯನ ನೆತ್ತಿಯ ಮೇಲೆ ಸಿಗುವುದು ಸುಮಾರು 50 ಮೈಕ್ರೋವೋಲ್ಟ್. ನಮ್ಮ ಲ್ಯಾಬಿನ 1.5 ವೋಲ್ಟ್ ಸೆಲ್‌ನ ಮೂವತ್ತು ಸಾವಿರದಲ್ಲಿ ಒಂದು ಪಾಲು! ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಬರುವ ಸ್ನಾಯುಗಳ ವಿದ್ಯುತ್ತೇ ಇದಕ್ಕಿಂತ ಜೋರು. ಬರ್ಗರ್ ಎಲೆಕ್ಟ್ರಾನಿಕ್ಸ್ ಬಲ್ಲವರೂ ಅಲ್ಲ. ದ್ವಿತೀಯ ಪಿಯುಸಿಯಲ್ಲಿ ನಾವು ಓದುವ ಗ್ಯಾಲ್ವನೋಮೀಟರ್‌ನ ಇನ್ನೂ ಸೂಕ್ಷ್ಮವಾದ ಬಗೆಗಳೇ ಅವರ ಸಾಧನ. 1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 17 ವರ್ಷದ ಹುಡುಗನೊಬ್ಬನಲ್ಲಿ ಮೊದಲ ಅಲೆಗಳು ಕಂಡವು.

ಆಗ ಅವರು ಊರಿಗೆಲ್ಲ ಸಾರಲಿಲ್ಲ. ಐದು ವರ್ಷ ತಮ್ಮನ್ನೇ ಶಂಕಿಸಿದರು. ಇದು ಹೃದಯದ ವಿದ್ಯುತ್ ಇರಬಹುದೇ? ಸ್ನಾಯುವಿನದೇ? ತಂತಿಯ ಅಲುಗಾಟವೇ? ಒಂದೊಂದನ್ನೇ ಪರೀಕ್ಷಿಸುತ್ತ, ಮಗ ಕ್ಲೌಸ್‌ನ ತಲೆಗೂ ಎಲೆಕ್ಟ್ರೋಡ್ ಹಚ್ಚಿ ಹತ್ತಾರು ಬಾರಿ ದಾಖಲಿಸಿದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಐದು ವರ್ಷಗಳೇ. 1929ರಲ್ಲಿ ಮೊದಲ ಲೇಖನ ಬಂತು. ಕಣ್ಣು ಮುಚ್ಚಿ ಸುಮ್ಮನಿದ್ದಾಗ ಸೆಕೆಂಡಿಗೆ ಸುಮಾರು ಹತ್ತು ಅಲೆ. ಕಣ್ಣು ತೆರೆದರೆ ಅವು ಕುಗ್ಗುತ್ತವೆ. ಇವೇ ಆಲ್ಫಾ ಅಲೆಗಳು. ಗದ್ದಲದಿಂದ ಬೇಕಾದ ಲಯವನ್ನು ಸೋಸಿ ತೆಗೆಯುವ ಸಂಕೇತ ಸಂಸ್ಕರಣೆಯೂ ಬೇಗನೆ ಶುರುವಾಯಿತು: 1932ರಲ್ಲೇ ಡೀಟ್ಷ್ ಎಂಬವರು ಈ ಗೆರೆಗಳನ್ನು ಫೂರಿಯೆ ಗಣಿತದಿಂದ ಬಿಡಿಸಿದರು. ಇವತ್ತು ಕಂಪ್ಯೂಟರ್ ಕ್ಷಣಾರ್ಧದಲ್ಲಿ ಮಾಡುವುದನ್ನು ಅಂದು ಕೈಯಿಂದಲೇ ಲೆಕ್ಕ ಹಾಕಬೇಕಿತ್ತು.

ಜರ್ಮನಿಯಲ್ಲಿ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ನೊಬೆಲ್ ವಿಜೇತ ಏಡ್ರಿಯನ್, ಮ್ಯಾಥ್ಯೂಸ್ ಜೊತೆಗೂಡಿ ಅದೇ ಪ್ರಯೋಗ ಮಾಡಿ ನಿಜವೆಂದ ಮೇಲೆ ಜಗತ್ತು ಬರ್ಗರ್ ಕಡೆ ತಿರುಗಿತು. ಮೂರ್ಛೆರೋಗದ ಪತ್ತೆಗೆ ಇಇಜಿ ಆಸ್ಪತ್ರೆಗಳನ್ನು ಸೇರಿತು.

ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಕಥೆ ಅರ್ಧ ಸುಳ್ಳಾಗುತ್ತದೆ. ಬರ್ಗರ್ ನಾಜಿಗಳಿಂದ ಕಿರುಕುಳ ಅನುಭವಿಸಿದರು ಎಂದು ಹಳೆಯ ಬರಹಗಳು ಹೇಳುತ್ತಿದ್ದವು. ದಾಖಲೆ ಬೇರೆಯೇ ಹೇಳುತ್ತದೆ. ಹಿಟ್ಲರನ ಸರ್ಕಾರ 1933ರಲ್ಲಿ ಮಾನಸಿಕ ರೋಗಿಗಳು, ಅಂಧರು, ಕಿವುಡರು ಮೊದಲಾದವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆಯ ಕಾನೂನು ತಂದಿತು. ಅದರ ಮೇಲ್ಮನವಿ ನ್ಯಾಯಾಲಯದಲ್ಲಿ ಯೇನಾದಲ್ಲಿ ಬರ್ಗರ್ ಸದಸ್ಯರಾಗಿ ಕುಳಿತರು. ಆ ಪಟ್ಟಿಯಲ್ಲಿ ಮೂರ್ಛೆರೋಗಿಗಳೂ ಇದ್ದರು. ಅವರ ಯಂತ್ರದಿಂದ ಅತಿ ಹೆಚ್ಚು ನೆರವು ಪಡೆದ ರೋಗಿಗಳೇ ಅವರು. ಅನುಮಾನಿಸುವ ಅಭ್ಯಾಸ ಪ್ರಯೋಗಾಲಯದ ಬಾಗಿಲಲ್ಲೇ ಯಾಕೆ ನಿಂತುಹೋಯಿತೋ!

1938ರಲ್ಲಿ ನಿವೃತ್ತರಾದರು. ತೀವ್ರ ಖಿನ್ನತೆಯಲ್ಲಿದ್ದ ಅವರು 1941ರ ಜೂನ್ 1ರಂದು ಯೇನಾದಲ್ಲೇ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮಿದುಳು-ಕಂಪ್ಯೂಟರ್ ಸಂಪರ್ಕ ಎಂಬ ಹೆಸರು ಜಾಕ್ ವಿಡಾಲ್ ಅವರ ಲೇಖನದಲ್ಲಿ ಕಾಣಿಸಿದ್ದು 1973ರಲ್ಲಿ, ಬರ್ಗರ್ ಹುಟ್ಟಿ ನೂರು ವರ್ಷಕ್ಕೆ.