ರಂಗೂನಿನ ಗೋರಿ

ಬಹದ್ದೂರ್ ಷಾ ಜಫರ್ ಅಂದರೆ ದೆಹಲಿಯಲ್ಲಿ ಓದುವ ನಮ್ಮಲ್ಲಿ ಬಹಳ ಜನರಿಗೆ ಒಂದು ರಸ್ತೆಯ ಹೆಸರು, ಅಷ್ಟೆ. ಪತ್ರಿಕಾ ಕಚೇರಿಗಳಿರುವ ರಸ್ತೆ. ಅಲ್ಲೇ ಖೂನಿ ದರವಾಜಾ ಎಂಬ ಹಳೆಯ ಕಲ್ಲಿನ ಬಾಗಿಲಿದೆ. ಆತನ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಹಾಡ್ಸನ್ ಎಂಬ ಅಧಿಕಾರಿ 1857ರ ಸೆಪ್ಟೆಂಬರಿನಲ್ಲಿ ಗುಂಡಿಕ್ಕಿ ಕೊಂದದ್ದು ಆ ಬಾಗಿಲ ಹತ್ತಿರವೇ. ಅಪ್ಪನ ಹೆಸರಿನ ರಸ್ತೆಯಲ್ಲಿ ಮಕ್ಕಳು ಸತ್ತ ಬಾಗಿಲು! ಹೆಸರಿಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ.

ಹುಟ್ಟಿದ್ದು 1775ರಲ್ಲಿ. ಪಟ್ಟಕ್ಕೆ ಬಂದದ್ದು 1837ರಲ್ಲಿ, ಅರವತ್ತು ದಾಟಿದ ಮೇಲೆ. ಬಾದಷಹಾ ಎಂಬುದು ಬರೀ ಹೆಸರಿಗೆ. ಕೋಟೆಯಾಚೆ ಕಂಪನಿಯದೇ ಆಡಳಿತ. ತಿಂಗಳಿಗೆ ಒಂದು ಲಕ್ಷ ರೂಪಾಯಿ ಪೆನ್ಷನ್ನು, ಅದರಲ್ಲೇ ಕೋಟೆಯೊಳಗಿನ ಅಷ್ಟೂ ದೊಡ್ಡ ಸಂಸಾರ. ಮನಸ್ಸೆಲ್ಲ ಉರ್ದು ಕಾವ್ಯದಲ್ಲಿ. ಮೊದಲು ಜೌಕ್ ಗುರು, ಆತ 1854ರಲ್ಲಿ ತೀರಿಕೊಂಡ ಮೇಲೆ ಗಾಲಿಬ್. 1857ರ ಮೇ 11ರಂದು ಮೀರತ್ತಿನ ಸಿಪಾಯಿಗಳು ಬಂದು ಮುಂದಾಳಾಗಿ ಅಂದಾಗ ಮುದುಕನಿಗೆ 81 ವರ್ಷ. ಮುಂದಿನದು ನಮ್ಮ ಹೈಸ್ಕೂಲ್ ಇತಿಹಾಸದಲ್ಲೇ ಇತ್ತು: ಹುಮಾಯೂನನ ಗೋರಿಯಲ್ಲಿ ಸೆರೆ, ತನ್ನದೇ ದಿವಾನ್-ಎ-ಖಾಸ್‌ನಲ್ಲಿ ವಿಚಾರಣೆ, 1858ರ ಅಕ್ಟೋಬರಿನಲ್ಲಿ ಗಡೀಪಾರು.

ಪಠ್ಯಪುಸ್ತಕ ಅಲ್ಲಿಗೇ ನಿಲ್ಲಿಸಿತ್ತು. ನನಗೆ ಮುಖ್ಯವಾಗಿ ಕಾಣುವುದು ಆಮೇಲಿನದು.

ರಂಗೂನಿನಲ್ಲಿ ಆತನಿಗೆ ಕಾಗದ, ಲೇಖನಿ ಕೊಡಲಿಲ್ಲ. 1862ರ ನವೆಂಬರ್ 7ರ ಬೆಳಗಿನ ಜಾವ ಪ್ರಾಣ ಹೋಯಿತು. ಅಂದೇ ಸಾಯಂಕಾಲ ನಾಲ್ಕಕ್ಕೆ ಸೆರೆಯ ಆವರಣದಲ್ಲೇ ಮಣ್ಣು ಮಾಡಿದರು. ಜೊತೆಗೆ ಇಬ್ಬರು ಮಕ್ಕಳು, ಒಬ್ಬ ಮುಲ್ಲಾ. ಹೆಂಗಸರನ್ನು ಬಿಡಲಿಲ್ಲ. ಗೋರಿಯನ್ನು ನೆಲಕ್ಕೆ ಸಮ ಮಾಡಿ, ಹುಲ್ಲು ಹೊದಿಸಿ, ಸುತ್ತ ಬಿದಿರಿನ ಬೇಲಿ ಹಾಕಿದರು. ಬೇಲಿ ಕೊಳೆತು ಬೀಳುವ ಹೊತ್ತಿಗೆ ಹುಲ್ಲು ಬೆಳೆದು ಗುರುತೇ ಉಳಿಯಬಾರದು ಎಂಬುದು ಲೆಕ್ಕಾಚಾರ. ಸತ್ತವನಿಗೂ ಹೆದರುವ ಸರಕಾರ!

ಗುರುತು ಅಳಿಸಿದರೆ ಏನು ಹೋಗುತ್ತೆ ಅಂತ ರಾಯಚೂರಿನ ಕಡೆಯ ನನ್ನ ಗೆಳೆಯನನ್ನು ಕೇಳಿದೆ. ಅವನು ವಿವರಿಸಿದ. ಜನಾಜಾ ನಮಾಜಿನಲ್ಲಿ ಬಾಗುವುದಿಲ್ಲ, ಹಣೆ ನೆಲಕ್ಕೆ ಮುಟ್ಟಿಸುವುದಿಲ್ಲ. ನಿಂತೇ ನಾಲ್ಕು ತಕ್ಬೀರ್. ಮೂರನೆಯದರ ನಂತರ ಸತ್ತವರಿಗಾಗಿ ದುವಾ. ಅದರಲ್ಲಿ ಕ್ಷಮೆ ಬೇಡುವುದು ಎದುರಿಗಿರುವ ಒಬ್ಬರಿಗೇ ಅಲ್ಲ. ಬದುಕಿದವರು, ಸತ್ತವರು, ಇಲ್ಲಿರುವವರು, ಇಲ್ಲದವರು, ಚಿಕ್ಕವರು, ದೊಡ್ಡವರು, ಗಂಡಸರು, ಹೆಂಗಸರು, ಎಲ್ಲರಿಗೂ. ಊರಿನಲ್ಲಿ ಕೆಲವರು ಸಲ್ಲಿಸಿದರೆ ಊರೆಲ್ಲರ ಹೊಣೆ ತೀರುತ್ತದಂತೆ. ಆಮೇಲೆ ಗೋರಿಗೆ ಹೋಗಿ ಫಾತಿಹಾ ಓದಿ ಅದರ ಪುಣ್ಯವನ್ನು ಸತ್ತವರಿಗೆ ಮುಟ್ಟಿಸುವುದುಂಟು. ಹೀಗೆ ಮುಟ್ಟಿಸುವ ಬಗೆಯಲ್ಲಿ ವಿದ್ವಾಂಸರೊಳಗೇ ಭಿನ್ನಾಭಿಪ್ರಾಯವಿದೆ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಗ ಮಾಡಿದ ಹಾಗಾಯ್ತಲ್ಲ ಅಂದೆ. ಓದಿದವನ ಪಾಲೇನೂ ಕಮ್ಮಿ ಆಗೋದಿಲ್ಲ ಅಂತ ನಂಬಿಕೆ ಅಂದ. ಖರ್ಚಿಲ್ಲದ ಜಮೆ! ನಮ್ಮ ಅಕೌಂಟೆನ್ಸಿ ಮೇಷ್ಟರು ಒಪ್ಪಲಾರರು.

ತನ್ನ ಗೋರಿಗೆ ಫಾತಿಹಾ ಓದಲು ಯಾರು ತಾನೇ ಬಂದಾರು ಎಂದು ಕೊರಗುವ ಗಜಲೊಂದು ಜಫರನ ಹೆಸರಿನಲ್ಲಿ ಹಾಡಿಕೆಯಲ್ಲಿದೆ. ಅದು ಆತನದ್ದಲ್ಲ ಎನ್ನುವವರೂ ಇದ್ದಾರೆ. ಯಾರದಾದರೇನು, ಜನ ಅದನ್ನು ಆತನಿಗೇ ಕೊಟ್ಟುಬಿಟ್ಟಿದ್ದಾರೆ.

ಸರಕಾರದ ಲೆಕ್ಕ ಮಾತ್ರ ತಪ್ಪಿತು. ಬೇಗಂ ಜೀನತ್ ಮಹಲ್ 1886ರಲ್ಲಿ ತೀರಿಕೊಂಡಾಗ ಅಲ್ಲೇ ಸುಮಾರಿಗೆ ಮಣ್ಣಾದಳು. 1907ರಲ್ಲಿ ಒಂದು ಕಲ್ಲು ಬಂತು. 1943ರಲ್ಲಿ ಸುಭಾಷ್ ಬೋಸರು ಬಂದು ಗೌರವ ಸಲ್ಲಿಸಿದರು. ಕೊನೆಗೆ 1991ರಲ್ಲಿ ಚರಂಡಿ ತೋಡುತ್ತಿದ್ದ ಕೂಲಿಗಳಿಗೆ ಇಟ್ಟಿಗೆ ಕಟ್ಟಿದ ನಿಜವಾದ ಗೋರಿಯೇ ಸಿಕ್ಕಿತು. ಈಗ ಅದೊಂದು ದರ್ಗಾ. ರಂಗೂನಿನ ಮುಸಲ್ಮಾನರು ಹೋಗಿ ಕೈಯೆತ್ತಿ ದುವಾ ಬೇಡುತ್ತಾರೆ.

ಆತ ಮಲಗಬೇಕೆಂದಿದ್ದದ್ದು ಮಾತ್ರ ಇಲ್ಲೇ ಮೆಹ್ರೌಲಿಯಲ್ಲಿ, ಬಖ್ತಿಯಾರ್ ಕಾಕಿ ದರ್ಗಾದ ಪಕ್ಕ. ಅಪ್ಪ ಎರಡನೇ ಅಕ್ಬರ್ ಷಾ ಮತ್ತು ಅಜ್ಜ ಎರಡನೇ ಷಾ ಆಲಮ್, ಇವರಿಬ್ಬರ ಗೋರಿಗಳ ನಡುವೆ ಒಬ್ಬರಿಗಾಗುವಷ್ಟು ಜಾಗ ಇವತ್ತಿಗೂ ಖಾಲಿ. ಹೋದ ತಿಂಗಳು ನಾವಿಬ್ಬರೂ ಹೋಗಿದ್ದೆವು. ಗೆಳೆಯ ಚಪ್ಪಲಿ ಬಿಟ್ಟು, ಆ ಖಾಲಿ ಜಾಗದ ಎದುರು ನಿಂತು ಏಳು ವಾಕ್ಯದ ಫಾತಿಹಾ ಓದಿದ. ಇಲ್ಲಿ ಯಾರೂ ಇಲ್ವಲ್ಲೋ ಅಂತ ನಾನು ಕೇಳಲಿಲ್ಲ.