ಅಹಮದ್ ಷಾ ವಲಿ

ಬೀದರ ನಗರದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರು ದೂರದಲ್ಲಿ ಅಷ್ಟೂರ ಎಂಬ ಗ್ರಾಮವಿದೆ. ಅಲ್ಲಿ ಸಾಲಾಗಿ ನಿಂತಿರುವ ಬಹಮನಿ ಸುಲ್ತಾನರ ಗೋರಿಗಳಲ್ಲಿ ಅಹಮದ್ ಷಾನ ಗೋರಿಗೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ.

1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದನು. ಯುದ್ಧದಲ್ಲಿ ಆತನು ಕಠೋರನು. ವಿಜಯನಗರದ ಪ್ರಜೆಗಳು ಆತನ ಸೈನ್ಯದಿಂದ ಬಹಳ ಸಂಕಟಪಟ್ಟರು. ಆದರೆ ಸಂತರ ಮುಂದೆ ಆತನು ತಲೆಬಾಗುತ್ತಿದ್ದನು. ಮಳೆಯಿಲ್ಲದೆ ನಾಡು ಕ್ಷಾಮಕ್ಕೆ ತುತ್ತಾದಾಗ ಅರಸನೇ ಗುಡ್ಡವನ್ನೇರಿ ಪ್ರಾರ್ಥಿಸಿದನೆಂದೂ, ಆಗ ಮಳೆ ಸುರಿಯಿತೆಂದೂ ಪ್ರತೀತಿಯಿದೆ. ಅಂದಿನಿಂದ ಜನರು ಆತನನ್ನು 'ವಲಿ', ಅಂದರೆ ಸಂತ, ಎಂದು ಕರೆದರು. ಇರಾನಿನ ಸೂಫಿ ಗುರು ಷಾ ನಿಯಾಮತುಲ್ಲಾರನ್ನು ಆತನು ಬೀದರಿಗೆ ಆಹ್ವಾನಿಸಿದನು. ಗುರುಗಳು ತಾವು ಬಾರದೆ ಮೊಮ್ಮಗನನ್ನು ಕಳುಹಿಸಿದರು. ಮುಂದೆ ಅವರ ಮಗ ಖಲೀಲುಲ್ಲಾರೂ ಬಂದರು. ಆ ಮನೆತನಕ್ಕೆ ಅರಮನೆಯಲ್ಲಿಯೂ ಊರಿನಲ್ಲಿಯೂ ಹೆಚ್ಚಿನ ಗೌರವ ದೊರೆಯಿತು. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಖಲೀಲುಲ್ಲಾರ ಸಮಾಧಿ.

ಅಹಮದ್ ಷಾ 1436ರಲ್ಲಿ ಮರಣ ಹೊಂದಿದನು. ಮುಸಲ್ಮಾನರಿಗೆ ಆತನು ವಲಿ. ಅನೇಕ ಲಿಂಗಾಯತರಿಗೆ ಅಲ್ಲಮಪ್ರಭುವಿನ ಸ್ವರೂಪ. ಹೋಳಿಯ ನಂತರ ನಡೆಯುವ ಉರುಸಿಗೆ ಮಾಡ್ಯಾಳದ ಜಂಗಮರು ಬರುತ್ತಾರೆ. ಶಂಖ ಊದಿ, ತೆಂಗಿನಕಾಯಿ ಒಡೆಯುತ್ತಾರೆ. ಆತನು ಗೆದ್ದ ಯುದ್ಧಗಳನ್ನು ಚರಿತ್ರೆ ಬರೆದಿಟ್ಟಿದೆ. ಜನರಾದರೋ ಮಳೆಗಾಗಿ ಕೈಯೊಡ್ಡಿ ನಿಂತ ಅರಸನನ್ನೇ ನೆನಪಿನಲ್ಲಿ ಉಳಿಸಿಕೊಂಡಿದ್ದಾರೆ.