ಲೂಯಿ ಕ್ಯಾರಲ್

ವಿದ್ಯಾರ್ಥಿಗಳೇ, ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಅದರ ಮೂಲಕರ್ತೃ ಲೂಯಿ ಕ್ಯಾರಲ್. ನಿಜನಾಮ ಚಾರ್ಲ್ಸ್ ಡಾಡ್ಜ್‌ಸನ್. 1832ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕರಾದರು. ಮಾತನಾಡುವಾಗ ನಾಲಗೆ ತಡವರಿಸುತ್ತಿತ್ತು.

1862ರ ಜುಲೈ 4ರಂದು ದೋಣಿವಿಹಾರದಲ್ಲಿ ಲಿಡೆಲ್ ಮನೆಯ ಮೂವರು ಬಾಲಿಕೆಯರಿಗೆ ಅವರು ಒಂದು ಕಥೆ ಕಟ್ಟಿ ಹೇಳಿದರು. ಅದನ್ನು ಬರೆದುಕೊಡಬೇಕೆಂದು ನಡುವಿನವಳಾದ ಆಲಿಸಳು ಕೇಳಿಕೊಂಡಳು. ಬರೆದುದೇನೋ ಆಯಿತು, ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂಬ ಸಂದೇಹ ಬಿಡಲಿಲ್ಲ. ಹಸ್ತಪ್ರತಿಯನ್ನು ಮಿತ್ರ ಮ್ಯಾಕ್‌ಡೊನಾಲ್ಡರ ಮನೆಗೆ ಕೊಟ್ಟರು. ತಾಯಿ ಓದಿ ಹೇಳಿದುದನ್ನು ಕೇಳಿದ ಪುಟ್ಟ ಗ್ರೆವಿಲನು ಇಂತಹ ಪುಸ್ತಕಗಳು 60,000 ಇರಬೇಕೆಂದು ಆಸೆಪಟ್ಟನಂತೆ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಕಂಡಿಲ್ಲ!

1865ರಲ್ಲಿ ಪುಸ್ತಕ ಅಚ್ಚಾಯಿತು. ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಚಿತ್ರಕಾರ ಟೆನಿಯಲ್ಲರು ಆಕ್ಷೇಪಿಸಲು, 2,000 ಪ್ರತಿಗಳ ಆ ಮುದ್ರಣವನ್ನೇ ಹಿಂತೆಗೆದು, ಮರಳಿ ಅಚ್ಚು ಹಾಕಿಸಿದರು.

ಲೆಕ್ಕದಲ್ಲಿಯೂ ಅದೇ ಶ್ರದ್ಧೆ. 1861ರಿಂದ ತಾವು ಬರೆದ ಹಾಗೂ ತಮಗೆ ಬಂದ ಪ್ರತಿಯೊಂದು ಪತ್ರವನ್ನೂ ಕ್ರಮಸಂಖ್ಯೆ ಕೊಟ್ಟು ವಹಿಯಲ್ಲಿ ದಾಖಲಿಸುತ್ತಿದ್ದರು. ನೀವು ಓದಿ ಮುಗಿಸಿದ ಪುಸ್ತಕಗಳಿಗೆಂದು ನಾವು ತರಗತಿಯಲ್ಲಿ ತೆರೆದ ವಹಿ ಇನ್ನೂ ಮೊದಲನೆಯ ಪುಟದಲ್ಲಿಯೇ ಇದೆ! ಅವರು 1898ರ ಜನವರಿ 14ರಂದು ಗಿಲ್ಡ್‌ಫರ್ಡಿನಲ್ಲಿ ತೀರಿಕೊಂಡರು. ಅವರ ವಹಿಯ ಕೊನೆಯ ಸಂಖ್ಯೆ 98,721.